ದುಂಬು ಪೋಲೆ, ರೈಲು ಬರ್ತದೆ!

ಮಂಗಳೂರಿಗೆ ಬಸ್ಸು ಸಾಕಾಯ್ತು, ಇನ್ನು ಲೈಟ್ ರೈಲೇ ಬೇಕು ಅನ್ನುವವರು ಜಾಸ್ತಿಯಾಗಿದ್ದಾರೆ. ಅವರಲ್ಲಿ ಹೆಚ್ಚಿನವರು ಬಸ್ಸು ಹತ್ತಿ ವರ್ಷಗಳೇ ಆಗಿರಬೇಕು. ಅದು ಬಿಡಿ.

ಕೇಂದ್ರ ಸರ್ಕಾರ 2019ರಲ್ಲಿ ಸಣ್ಣ ನಗರಗಳಿಗೆಂದೇ ಮೆಟ್ರೋಲೈಟ್ ಎಂಬ ಲೈಟ್ ರೈಲಿನ ಮಾದರಿ ತಂದಿತು. ಮೂರು ಬೋಗಿ, ಸುಮಾರು 300 ಜನ, ರಸ್ತೆಯಲ್ಲೇ ಬೇಲಿ ಹಾಕಿದ ಪ್ರತ್ಯೇಕ ಹಳಿ. ಪೇಟೆಯ ನಡುವಿನ ಹಂಪನಕಟ್ಟೆಯಲ್ಲಿ ಈ ಬೇಲಿ ಎಲ್ಲಿ ಹಾಕುವುದು ಮಾರಾಯ್ರೆ? ಅಲ್ಲಿ ಎರಡು ಬಸ್ಸು ಅಕ್ಕಪಕ್ಕ ನಿಂತರೆ ನಡುವೆ ಸ್ಕೂಟರೂ ನುಸುಳುವುದಿಲ್ಲ. ಹಾಗಾದರೆ ಕಂಬ ನೆಟ್ಟು ಮೇಲೆ ಹಾಕುವ ಅನ್ನುತ್ತಾರೆ. ಮೇಲೆ ಕಟ್ಟುವುದರಲ್ಲಿ ನಮಗೆ ಒಳ್ಳೆ ಅನುಭವ ಉಂಟು. ಪಂಪ್‌ವೆಲ್‌ನ ಒಂದೇ ಒಂದು ಫ್ಲೈಓವರ್ ಹತ್ತು ವರ್ಷದಷ್ಟು ಎಳೆದು 2020ರ ಜನವರಿ 31ಕ್ಕೆ ಉದ್ಘಾಟನೆಯಾಯಿತು. ಅದೇ ಲೆಕ್ಕದಲ್ಲಿ ಸುರತ್ಕಲ್‌ನಿಂದ ತಲಪಾಡಿಗೆ ಹಳಿ ಹಾಕಿದರೆ ಟಿಕೆಟ್ ತೆಗೆಯುವುದು ನಮ್ಮ ಮೊಮ್ಮಕ್ಕಳು.

ಅಷ್ಟಕ್ಕೂ ಬಸ್ಸಿಗೆ ಆಗಿರುವ ರೋಗ ಎಂತದ್ದು? ರಸ್ತೆ ಒಂದು, ಮಾಲಕರು ಹಲವರು, ಒಂದು ಬಸ್ಸಿಗೂ ಹಿಂದಿನದಕ್ಕೂ ನಡುವೆ ನಿಮಿಷದ ಟೈಮಿಂಗ್. ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಕದಲುವುದೇ ಇಲ್ಲ. ಕನ್ನಡಿಯಲ್ಲಿ ಹಿಂದಿನ ಬಸ್ಸಿನ ಮೂತಿ ಕಂಡಿತೋ, ಕಂಡಕ್ಟರ್ ವಿಸಿಲ್ ಊದುತ್ತಾನೆ, ಜ್ಯೋತಿ ಸ್ಟಾಪ್ ತನಕ ನಾವು ಉಸಿರು ಬಿಗಿಹಿಡಿದು ಕಂಬಿಗೆ ಜೋತು ಬೀಳಬೇಕು. ಅಷ್ಟರಲ್ಲೂ "ದುಂಬು ಪೋಲೆ, ದುಂಬು ಪೋಲೆ" (ತುಳುವಿನಲ್ಲಿ ಮುಂದೆ ಹೋಗಿ) ಅನ್ನುತ್ತಾನೆ. ಮುಂದೆ ಹೋಗಲಿಕ್ಕೆ ಡ್ರೈವರ್‌ನ ಮಡಿಲು ಒಂದೇ ಬಾಕಿ. ಎಲ್ಲ ಬಸ್ಸಿನ ಕಲೆಕ್ಷನ್ ಒಟ್ಟು ಹಾಕಿ ಹಂಚಿಕೊಂಡರೆ ಈ ಓಟ ಅರ್ಧಕ್ಕರ್ಧ ನಿಲ್ಲುತ್ತದೆ. ಆದರೆ ಅದಕ್ಕೆ ಶಿಲಾನ್ಯಾಸ ಮಾಡಲಿಕ್ಕೆ ಬರುವುದಿಲ್ಲ ಅಲ್ವಾ? ಕಲ್ಲಿನ ಮೇಲೆ ಹೆಸರು ಕೆತ್ತಿಸುವುದು ಎಲ್ಲಿ?

ಕೇಂದ್ರದ 2017ರ ಮೆಟ್ರೋ ನೀತಿ ಸುಮ್ನೆ ರೈಲು ಕೊಡುವುದಿಲ್ಲ. ಮೊದಲು ಬಸ್ಸು, ಟ್ರಾಮ್ ಎಲ್ಲವನ್ನೂ ಹೋಲಿಸಿ ನೋಡಿ ಅನ್ನುತ್ತದೆ. ನೋಡಿಯಾರು, ರೈಲೇ ಬೇಕೆಂದು ಮೊದಲೇ ಬರೆದಿಟ್ಟುಕೊಂಡು. ನೀತಿಯಲ್ಲಿ ಇನ್ನೊಂದು ಮಾತೂ ಉಂಟು: ಸ್ಟೇಷನ್ನಿನ ಎರಡೂ ಬದಿ ಕನಿಷ್ಠ 5 ಕಿಲೋಮೀಟರ್‌ವರೆಗೆ ಫೀಡರ್ ಸೇವೆ ಇರಬೇಕು. ಫೀಡರ್ ಅಂದರೆ ಮತ್ತೆಂತ, ಬಸ್ಸೇ. ಈಗ ಒಂದು ಬಸ್ಸಿನಲ್ಲಿ ಕಾವೂರಿನಿಂದ ಬರುವವರು ಆಗ ಬಸ್ಸು, ರೈಲು, ಮತ್ತೊಂದು ಬಸ್ಸು ಹತ್ತಿ ಇಳಿಯಬೇಕು. ಇನ್ನು ಹಂಪನಕಟ್ಟೆಯಿಂದ ಪಡುವಣಕ್ಕೆ 5 ಕಿಲೋಮೀಟರ್ ಅಳೆದರೆ ಅರಬ್ಬೀ ಸಮುದ್ರದ ನಡುವೆ ಇರುತ್ತೇವೆ. ಹೆದರಬೇಡಿ, ನೀರಿನ ಮೇಲೆ ಬೋಟು ಓಡಿಸುವ ವಾಟರ್ ಮೆಟ್ರೋದ ಪ್ರಸ್ತಾಪವೂ ಆಗಲೇ ತಯಾರುಂಟು.