ಸರ್ಚ್ ಇಂಜಿನ್ನಿಗೆ ಮಂಡಕ್ಕಿ ಗೊತ್ತಾ?

ಆ ಪೋಸ್ಟರು ನಿಮ್ಮ ವಾಟ್ಸಾಪಿಗೂ ಬಂದಿರುತ್ತದೆ ಬಿಡಿ. ದಾವಣಗೆರೆಯ ಯಾವ ಗ್ರೂಪನ್ನೂ ಅದು ಬಿಟ್ಟಿಲ್ಲ. ನನಗೆ ನೆಂಟರ ಗ್ರೂಪಿನಲ್ಲಿ ಬಂತು, ಬಡಾವಣೆಯ ಗ್ರೂಪಿನಲ್ಲಿ ಬಂತು, ಕೊನೆಗೆ ಹಾಲಿನವನ ಸ್ಟೇಟಸ್ಸಿನಲ್ಲೂ ಕಂಡಿತು. ಸ್ಥಳೀಯ ಭಾಷೆಯಲ್ಲಿ ಗೂಗಲ್ ಥರ ಹುಡುಕಿಕೊಡುವ ಸರ್ಚ್ ಇಂಜಿನ್ ಕಟ್ಟಿ ಕೋಟಿ ಕೋಟಿ ಗಳಿಸುವುದು ಹೇಗೆ, ಒಂದು ದಿನದ ಕಾರ್ಯಾಗಾರ, ಊಟ ಸೇರಿ. ಪೋಸ್ಟರಿನ ತುಂಬ ಇಂಗ್ಲಿಷ್. ಕನ್ನಡದಲ್ಲಿರುವುದು 'ಸುಸ್ವಾಗತ' ಅನ್ನುವ ಒಂದೇ ಪದ. ಅದರ ಒತ್ತಕ್ಷರವೂ ಕಿತ್ತುಕೊಂಡು ಪಕ್ಕದಲ್ಲಿ ನಿಂತಿದೆ, ಬಸ್ಸಿನಲ್ಲಿ ಸೀಟು ಸಿಗದವರ ಹಾಗೆ.

ಯೋಚನೆ ಮಾತ್ರ ಭರ್ಜರಿ. ಹತ್ತಿ ಗಿರಣಿಗಳಿದ್ದ ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು ನಮ್ಮದು. ಈಗ ಹತ್ತಿಯ ಬದಲು ಪದ ಹಿಂಜಿದರಾಯ್ತು, ಅಷ್ಟೇ ತಾನೆ.

ಪೋಸ್ಟರಿನ ಲೆಕ್ಕ ಹೀಗಿದೆ. ರಷ್ಯಾಕ್ಕೆ ಯಾಂಡೆಕ್ಸ್, ಚೀನಾಕ್ಕೆ ಬೈದು, ದಕ್ಷಿಣ ಕೊರಿಯಾಕ್ಕೆ ನೇವರ್. ಕರ್ನಾಟಕಕ್ಕೆ? ಮುಂದೆ ಹಳದಿ ಕೆಂಪು ಬಣ್ಣದ ದೊಡ್ಡ ಪ್ರಶ್ನೆ ಗುರುತು. ಲೆಕ್ಕದಲ್ಲಿ ತಪ್ಪಿಲ್ಲ. 2011ರ ಜನಗಣತಿಯ ಪ್ರಕಾರ ಕನ್ನಡ ಮನೆಮಾತಿನವರು 4.37 ಕೋಟಿ. ಚೆಕ್ ದೇಶದ ಜನ ಎಲ್ಲ ಸೇರಿದರೂ ಸುಮಾರು 1 ಕೋಟಿ, ಆದರೂ ಅವರು 1996ರಲ್ಲೇ ಸೆಜ್ನಾಮ್ ಅಂತ ತಮ್ಮದೇ ಒಂದು ಮಾಡಿಕೊಂಡು ಇವತ್ತಿಗೂ ನಡೆಸುತ್ತಿದ್ದಾರೆ. ಚೀನಾದ್ದು ಬೇರೆ ಕಥೆ. 2010ರಲ್ಲಿ ಸೆನ್ಸಾರ್ ಜಗಳವಾಗಿ ಗೂಗಲ್ ಅಲ್ಲಿಂದ ಗಂಟುಮೂಟೆ ಕಟ್ಟಿತು. ಎದುರಂಗಡಿ ಬಾಗಿಲು ಹಾಕಿದ ಮೇಲೆ ಬೈದುವಿನ ವ್ಯಾಪಾರ ಕುದುರದೆ ಇರುತ್ತದಾ?

ಕೊರಿಯಾದ ಕಥೆಯಲ್ಲಿ ಮಾತ್ರ ಅರ್ಧ ನುಂಗಿದ್ದಾರೆ. 1999ರಲ್ಲಿ ನೇವರ್ ಶುರುವಾದಾಗ ಕೊರಿಯನ್ ಭಾಷೆಯಲ್ಲಿ ಹುಡುಕಲಿಕ್ಕೆ ಸರಕೇ ಜಾಸ್ತಿ ಇರಲಿಲ್ಲ. 2002ರಲ್ಲಿ ಅವರು ಜನರೇ ಪ್ರಶ್ನೆ ಕೇಳಿ ಜನರೇ ಉತ್ತರ ಬರೆಯುವ ಒಂದು ಕಟ್ಟೆ ಹಾಕಿಕೊಟ್ಟರು. ಜನ ಕೂತು ಬರೆದರು. ಹುಡುಕಿದರೆ ಸಿಗುವಂಥದ್ದು ಹಾಗೆ ಹುಟ್ಟಿತು. ನಾವು ಬಟ್ಟೆ ಇಲ್ಲದೆ ಬೀರು ಮಾಡಿಸಲು ಹೊರಟವರು.

ಅದಿರಲಿ, ನನ್ನ ಚಿಂತೆಯೇ ಬೇರೆ. ಈ ಇಂಜಿನ್ನಿಗೆ ಮಂಡಕ್ಕಿ ಅಂದರೆ ತಿಳಿಯುತ್ತದಾ? ನಮ್ಮೂರಲ್ಲಿ ಮಂಡಕ್ಕಿ. ಬೆಂಗಳೂರಿನ ಕಡೆ ಅದೇ ಕಡ್ಲೆಪುರಿ. ಧಾರವಾಡದವರಿಗೆ ಚುರುಮುರಿ. ಆದರೆ ಮೈಸೂರಿನಲ್ಲಿ ಚುರುಮುರಿ ಅಂದರೆ ಈರುಳ್ಳಿ, ಕ್ಯಾರೆಟ್ ಹಾಕಿ ಕಲಸಿ ಕೊಡುತ್ತಾರೆ. ಬಳ್ಳಾರಿ ಕಡೆಯ ಹೋಟೆಲಿನಲ್ಲಿ ಬರೀ 'ಒಗ್ಗರಣೆ' ಅಂದರೆ ಸಾಕು, ತಟ್ಟೆ ತುಂಬ ಮಂಡಕ್ಕಿ ಬರುತ್ತದೆ, ಪಕ್ಕದಲ್ಲಿ ಮಿರ್ಚಿ. ಬೆಂಗಳೂರಿನವರಿಗೆ ಒಗ್ಗರಣೆ ಅಂದರೆ ಸಾಸಿವೆ ಚಟಪಟ. ಇನ್ನು ನಮ್ಮ ನರ್ಗೀಸ್ ಮಂಡಕ್ಕಿ ಇದೆಯಲ್ಲ, ಅದನ್ನು ಹುಡುಕಲು ಹೋದರೆ ಯಂತ್ರ ಪಾಪ ಹಳೇ ಹಿಂದಿ ನಟಿಯನ್ನು ಕರೆತಂದು ನಿಲ್ಲಿಸುತ್ತದೆ. ಇದರ ಮೇಲೆ ಮಂಡಕ್ಕಿಗೆ, ಮಂಡಕ್ಕಿಯಲ್ಲಿ, ಮಂಡಕ್ಕಿಯವನಿಗೂ ಅಂತ ಬಾಲ ಬೆಳೆಯುತ್ತಲೇ ಹೋಗುತ್ತದೆ, ಎಲ್ಲದರೊಳಗೂ ಇರುವುದು ಅದೇ ಮಂಡಕ್ಕಿ ಅಂತ ಯಂತ್ರಕ್ಕೆ ತಿಳಿಯಬೇಕು. ರಷ್ಯನ್ ಪದಗಳಿಗೂ ಇಂಥ ಬಾಲಗಳಿವೆ, ಅದಕ್ಕೇ ಯಾಂಡೆಕ್ಸಿನವರು ಮೊದಲು ಪಳಗಿಸಿದ್ದು ಆ ಬಾಲಗಳನ್ನು. ನಮ್ಮ ಪೋಸ್ಟರಿನಲ್ಲಿ ವಿಭಕ್ತಿ ಪ್ರತ್ಯಯದ ಸುದ್ದಿಯೇ ಇಲ್ಲ. ಹೂಡಿಕೆದಾರರ ಜೊತೆ ಚಹಾ ಇದೆ. ನಾನು ಹೇಳುವುದು ಇಷ್ಟೇ, ಮಂಡಕ್ಕಿ ಭಟ್ಟಿಯ ಇಬ್ಬರು ಹಿರಿಯರನ್ನು ಕರೆದು ವೇದಿಕೆ ಮೇಲೆ ಕೂರಿಸಿದರೆ ಪದದ ಕೆಲಸ ಅರ್ಧ ಮುಗಿಯುತ್ತದೆ, ಚಹಾಕ್ಕೂ ಒಂದು ಅರ್ಥ ಬರುತ್ತದೆ.

ಹಿಂದೆ ಯಾರೂ ಪ್ರಯತ್ನ ಮಾಡಿಲ್ಲ ಅಂತಲ್ಲ. 2006ರಲ್ಲಿ ಬೆಂಗಳೂರಿನಿಂದಲೇ ಗುರೂಜಿ ಅಂತ ಒಂದು ಬಂತು, ಕೆಲವೇ ವರ್ಷಗಳಲ್ಲಿ ಗುರುಗಳು ಅಂತರ್ಧಾನರಾದರು. ಕೇಂದ್ರ ಸರ್ಕಾರವೂ ಪ್ರವಾಸದ ಮಾಹಿತಿಗೆ ಸಂಧಾನ್ ಅಂತ ಒಂದು ಮಾಡಿಸಿತು. ಮೊದಲ ಕಂತಿನ ಐದು ಭಾಷೆಗಳು ಬಂಗಾಳಿ, ಹಿಂದಿ, ಮರಾಠಿ, ತಮಿಳು, ತೆಲುಗು. ಚಿತ್ರದುರ್ಗದ ಕೋಟೆಯನ್ನು ಬಂಗಾಳಿಯಲ್ಲಿ ಹುಡುಕಬಹುದಿತ್ತೇನೋ. ಓಬವ್ವನ ಕಿಂಡಿಯಲ್ಲಿ ಕನ್ನಡವೊಂದು ನುಸುಳಲಿಲ್ಲ.

2021ರ ಜೂನ್ ನೆನಪಿದೆಯಲ್ಲ, ಭಾರತದ ಕೊಳಕು ಭಾಷೆ ಯಾವುದು ಅಂತ ಕೇಳಿದರೆ ಗೂಗಲ್ ಕನ್ನಡ ಅಂತ ತೋರಿಸಿತ್ತು. ಮಂತ್ರಿಗಳು ನೋಟಿಸ್ ಅಂದರು, ಗೂಗಲ್ ಕ್ಷಮೆ ಕೇಳಿತು. ನಾನೂ ಅವತ್ತು ರಾತ್ರಿ ಹನ್ನೊಂದರವರೆಗೆ ಕೂತು ಗೂಗಲ್ಲಿಗೆ ಚೆನ್ನಾಗಿ ಬೈದೆ. ಇಂಗ್ಲಿಷಿನಲ್ಲಿ.

ಈಗ ಬಟ್ಟೆ ಇಲ್ಲ ಅಂದೆನಲ್ಲ, ಆ ಮಾತು ವಾಪಸ್. ಬಟ್ಟೆ ಇದೆ. ಗಂಟು ಕಟ್ಟಿ ಅಟ್ಟಕ್ಕೆ ಎಸೆದಿದ್ದೇವೆ. ಮೊನ್ನೆ ಅಮ್ಮನ ಪಿಂಚಣಿಯ ವಿಷಯಕ್ಕೆ ಒಂದು ಸುತ್ತೋಲೆ ಬೇಕಾಗಿತ್ತು. ಯಾವ ಕಚೇರಿ ಅಂತ ಕೇಳಬೇಡಿ. ಸುತ್ತೋಲೆ ಕನ್ನಡದಲ್ಲೇ ಇದೆ, ವೆಬ್‌ಸೈಟಿನಲ್ಲೂ ಇದೆ, ಆದರೆ ಹುಡುಕಿದರೆ ಸಿಗುವುದಿಲ್ಲ. ಮೂರು ದಿನ ತಡಕಾಡಿದ ಮೇಲೆ ಗೊತ್ತಾಯಿತು. ಅರ್ಧ ಕಡತಗಳು ಅಡ್ಡಡ್ಡ ಸ್ಕ್ಯಾನ್ ಮಾಡಿದ ಫೋಟೋಗಳು, ಮೊಹರಿನ ಕೆಳಗೆ ಯಾರದೋ ಹೆಬ್ಬೆರಳು. ಉಳಿದರ್ಧ ಹಳೇ ಫಾಂಟಿನವು. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರ. ಕಾಪಿ ಮಾಡಿ ಬೇರೆ ಕಡೆ ಹಾಕಿದರೆ 'ಕನ್ನಡ' ಅನ್ನುವ ಪದದ 'ನ' ಇರಬೇಕಾದ ಜಾಗದಲ್ಲಿ ಪೌಂಡ್ ಗುರುತು! ಬ್ರಿಟಿಷರು ಹೋಗಿ ಇಷ್ಟು ವರ್ಷ ಆಯ್ತು, ಅವರ ದುಡ್ಡು ಇನ್ನೂ ನಮ್ಮ ನಕಾರದೊಳಗೆ ಕೂತಿದೆ. ಯುನಿಕೋಡ್ ಅಂದರೆ ಪ್ರತಿ ಅಕ್ಷರಕ್ಕೂ ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಸಂಖ್ಯೆ ಕೊಡುವ ಪಟ್ಟಿ, ಅದರಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲಿ. ಆಗ ಹುಟ್ಟಿದವರು ಈಗ ತಮ್ಮ ಮಕ್ಕಳನ್ನು ಶಾಲೆಗೆ ಬಿಟ್ಟು ಬರುತ್ತಿದ್ದಾರೆ.

ತಮಾಷೆ ಸಾಕು ಅನ್ನಿಸುತ್ತದೆ ಒಮ್ಮೊಮ್ಮೆ. ಅಮ್ಮನಿಗೆ ಓದಲು ಬರುವುದು ಕನ್ನಡ ಒಂದೇ. ಅವರಿಗೆ ಬೇಕಾದ ಕಾಗದವೂ ಕನ್ನಡದ್ದೇ. ಆದರೂ ಒಬ್ಬರಿಗೊಬ್ಬರು ಸಿಗುವುದಿಲ್ಲ. ಇದಕ್ಕೆ ಇಂಜಿನ್ ಬೇಡ, ಕೋಟಿಯೂ ಬೇಡ. ಟೈಪ್ ಮಾಡುವಾಗ ಯುನಿಕೋಡ್ ಫಾಂಟು ಆರಿಸಿ, ಫೋಟೋದ ಬದಲು ಆ ಕಡತವನ್ನೇ ವೆಬ್‌ಸೈಟಿಗೆ ಹಾಕಿದರೆ ಸಾಕು. ಅಷ್ಟು ಮಾಡದ ನಾವು 4.37 ಕೋಟಿ ಜನರನ್ನು ಗುಡ್ಡೆ ಹಾಕಿ 'ಮಾರುಕಟ್ಟೆ' ಅಂತ ಮಾರಲು ಹೊರಟಿದ್ದೇವೆ, ನಾಚಿಕೆಯೂ ಇಲ್ಲ.

ಇಷ್ಟೆಲ್ಲ ಬೈದು, ಕುತೂಹಲ ತಡೆಯದೆ ಕಾರ್ಯಾಗಾರಕ್ಕೆ ಹೆಸರು ಕೊಡಲು ಕೂತೆ. ಅರ್ಜಿಯ ಮೊದಲ ಕಾಲಂನಲ್ಲಿ ಹೆಸರನ್ನು ಕನ್ನಡದಲ್ಲಿ ಹಾಕಿದೆ. ತಕ್ಷಣ ಕೆಳಗೆ ಇಂಗ್ಲಿಷಿನಲ್ಲಿ ಕೆಂಪಕ್ಷರ ಬಂತು, 'ವಿಶೇಷ ಚಿಹ್ನೆಗಳನ್ನು ಬಳಸಬೇಡಿ' ಅಂತ. ಅಪ್ಪ ಇಟ್ಟ ಹೆಸರನ್ನು ಅಳಿಸಿ ಇಂಗ್ಲಿಷಿನಲ್ಲಿ ತುಂಬಿದೆ. ಸೀಟು ಸಿಕ್ಕಿದೆ. ಸಂಜೆ ಮಂಡಕ್ಕಿ ಮಿರ್ಚಿ ಕೊಡುತ್ತಾರಂತೆ.