ಬಯಾಸ್ ಅಪ್‌ಡೇಟ್ ಮಾಡಿದರೆ ಫೈಲ್‌ಗಳು ಅಳಿಸಿಹೋಗುತ್ತವೆಯೇ?

ಬಯಾಸ್ (ಕಂಪ್ಯೂಟರ್ ಆನ್ ಆದ ಕೂಡಲೇ ಮೊದಲು ಓಡುವ ಪುಟ್ಟ ಪ್ರೋಗ್ರಾಂ) ಅಪ್‌ಡೇಟ್ ಮಾಡಿದರೆ ಫೈಲ್‌ಗಳೆಲ್ಲ ಹೋಗುತ್ತವೆ ಎಂಬ ಎಚ್ಚರಿಕೆ ತುಮಕೂರಿನ ವಾಟ್ಸಾಪ್ ಗ್ರೂಪ್‌ಗಳಲ್ಲೂ ಸುತ್ತುತ್ತಿರುತ್ತದೆ. ಇದು ತಪ್ಪು. ಬಯಾಸ್ ಇರುವುದು ಕಂಪ್ಯೂಟರ್‌ನ ಮುಖ್ಯ ಬೋರ್ಡ್ ಆದ ಮದರ್‌ಬೋರ್ಡ್‌ನ ಚಿಪ್‌ನಲ್ಲಿ. ನಿಮ್ಮ ಫೋಟೊ, ಲೆಕ್ಕ ಇರುವುದು ಡಿಸ್ಕ್‌ನಲ್ಲಿ.

ಹೆದರಿಕೆಗೆ ಕಾರಣ ಇಲ್ಲದಿಲ್ಲ. ಅಪ್‌ಡೇಟ್ ಆದ ಮೇಲೆ ಬಯಾಸ್‌ನ ಸೆಟ್ಟಿಂಗ್‌ಗಳು ಕಂಪನಿಯಿಂದ ಬಂದಾಗ ಇದ್ದಂತೆ ಆಗಿಬಿಡಬಹುದು. ಬೂಟ್ ಕ್ರಮವೋ (ಯಾವ ಡಿಸ್ಕ್‌ನಿಂದ ಮೊದಲು ಶುರುವಾಗಬೇಕು ಎಂಬುದು) ಡಿಸ್ಕ್ ಮೋಡೋ (ಡಿಸ್ಕ್ ಜೊತೆ ಮಾತಾಡುವ ವಿಧಾನ) ಬದಲಾದರೆ ವಿಂಡೋಸ್ ತೆರೆಯದೇ ಇರಬಹುದು. ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಇದ್ದರೆ 48 ಅಂಕಿಯ ರಿಕವರಿ ಕೀ ಕೇಳಬಹುದು. ಅದು ಕೈಯಲ್ಲಿ ಇಲ್ಲದಿದ್ದರೆ ನಿಜಕ್ಕೂ ಕಷ್ಟ, ಮೊದಲೇ ಬರೆದಿಟ್ಟುಕೊಳ್ಳಿ.

ಡಿಸ್ಕ್ ಹಾಗೇ ಇದೆಯೇ ಎಂದು ನೀವೇ ನೋಡಬಹುದು. ಆನ್ ಮಾಡುವಾಗ ಡಿಲೀಟ್ ಅಥವಾ ಎಫ್2 ಕೀ ಒತ್ತಿ, ಸಾಮಾನ್ಯವಾಗಿ ಬಯಾಸ್ ಪರದೆ ತೆರೆಯುತ್ತದೆ. ಡಿಸ್ಕ್‌ನ ಹೆಸರು ಕಂಡರೆ ಬೂಟ್ ಕ್ರಮ ಸರಿಮಾಡಿ. ಅನುಮಾನ ಇದ್ದರೆ ಡಿಸ್ಕನ್ನು ಬೇರೆ ಕಂಪ್ಯೂಟರ್‌ಗೆ ಸಿಕ್ಕಿಸಿ ನೋಡಿ.

ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಬೋರ್ಡ್ ಕೆಡಬಹುದು, ಅದು ನಿಜ. ನಮ್ಮ ಕಡೆ ಕರೆಂಟ್ ಕಥೆ ಗೊತ್ತಲ್ವಾ, ಯುಪಿಎಸ್ ಹಾಕಿಕೊಂಡೇ ಮಾಡಿ.