ಅಕ್ಕನ ತಪ್ಪಿದ ಸಂಬಂಧ ಮತ್ತು ಜೀನ್
ಪಮೇಲಾ ಸ್ಕ್ಲಾರ್ ಅವರ ಬಗ್ಗೆ ನೀವು ಬರೆದಿದ್ದನ್ನು ಓದಿದೆ, ಧನ್ಯವಾದ. ಮನೋವೈದ್ಯೆಯಾಗಿ ಜೀನ್‌ಗಳ, ಅಂದರೆ ಹೆತ್ತವರಿಂದ ಮಕ್ಕಳಿಗೆ ಬರುವ ವಂಶವಾಹಿಗಳ, ಹಿಂದೆ ಬಿದ್ದವರು, 2017ರಲ್ಲಿ ತೀರಿಕೊಂಡರು. ಅವರಿದ್ದ ತಂಡ 2009ರಲ್ಲಿ ತೋರಿಸಿದ್ದು ನನಗೆ ಬಹಳ ದೊಡ್ಡ ಮಾತು. ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆಗೆ ಸುಮ್ನೆ ಒಂದು ಕೆಟ್ಟ ಜೀನ್ ಕಾರಣವಲ್ಲ, ಸಾವಿರಾರು ಸಣ್ಣ ವ್ಯತ್ಯಾಸಗಳು ಸೇರಿರುತ್ತವೆ. ಅಂಥವು ನಮ್ಮೆಲ್ಲರಲ್ಲೂ ಒಂದಿಷ್ಟು ಇರುತ್ತವೆ, ಅಲ್ವಾ?

ನಮ್ಮ ಕಾಕಾನಿಗೆ ಇದೇ ಕಾಯಿಲೆ. ಗದಗಿನಿಂದ ಧಾರವಾಡದ ಮಾನಸಿಕ ಆಸ್ಪತ್ರೆಗೆ, ಈಗಿನ ಡಿಮ್ಹಾನ್ಸ್‌ಗೆ, ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಿದ್ದೆವು. 'ಇವರ ರಕ್ತದಲ್ಲೇ ಇದೆ' ಅಂತ ಅಕ್ಕನ ಎರಡು ಸಂಬಂಧ ತಪ್ಪಿದವು. ಆದರೆ ಒಂದೇ ಥರದ ಜೀನ್ ಇರುವ ತದ್ರೂಪಿ ಅವಳಿಗಳಲ್ಲೂ ಒಬ್ಬರಿಗೆ ಈ ಕಾಯಿಲೆ ಬಂದರೂ ಇನ್ನೊಬ್ಬರಿಗೆ ಎಷ್ಟೋ ಸಲ ಬರುವುದಿಲ್ಲ. ಅವತ್ತು ಇದನ್ನು ಬಿಡಿಸಿ ಹೇಳುವವರು ಯಾರೂ ಇರಲಿಲ್ಲ. ಅಜ್ಜಿ ಕೊನೆತನಕ ತನ್ನ ಹೊಟ್ಟೆಯನ್ನೇ ಬೈದುಕೊಂಡಳು.